ಅಂಬಾರಾಯ ಮೇಸ್ತ್ರಿ ಮುಚ್ಚಿದ ಹೆಡ್ಡು

ಥಾಣೆ ಪಕ್ಕದ ರಬಾಳೆಯ ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಹನ್ನೊಂದು ಗ್ಯಾರೇಜುಗಳಿವೆ. ಹತ್ತಕ್ಕೆ ಬೋರ್ಡಿದೆ. ಹನ್ನೊಂದನೆಯದಕ್ಕೆ ಬೋರ್ಡಿನ ಅಗತ್ಯ ಯಾವತ್ತೂ ಬೀಳಲಿಲ್ಲ, ಅಲ್ಲಿ ಅಂಬಾರಾಯ ಕೂರುತ್ತಾನೆ. ಐದಡಿ ಮೂರಿಂಚಿನ ಮೈ, ಯಾರದೋ ದೊಡ್ಡ ಆಳಿನದನ್ನು ಬಿಚ್ಚಿ ತಂದು ಜೋಡಿಸಿದಂಥ ಎರಡು ತೋಳು, ಗ್ರೀಸು ಹಚ್ಚಿ ಚೂಪು ಮಾಡುತ್ತಾನೆಂದು ಗಲ್ಲಿಯವರು ಆಪಾದಿಸುವ ಮೀಸೆ. ಡೀಸೆಲ್ ಎಂಜಿನಿನ ವಿಷಯದಲ್ಲಿ ಥಾಣೆಯಿಂದ ಸಾನಪಾಡಾದ ತನಕ ಅವನ ಮಾತಿಗೆ ಎದುರುಮಾತಿರಲಿಲ್ಲ. ಇದ್ದರೂ ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಯಾರೂ ಆಡುತ್ತಿರಲಿಲ್ಲ.

ಈ ಪಟ್ಟ ಒಂದೇ ದಿನದಲ್ಲಿ ಬಂದದ್ದಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಕಡೆಯಿಂದ ಹದಿನೇಳನೆಯ ವಯಸ್ಸಿಗೆ ಚಿಕ್ಕಪ್ಪನ ಜೊತೆ ಬಂದು ಐರೋಲಿಯ ರಸ್ತೆಗಳಿಗೆ ಜಲ್ಲಿ ಹೊತ್ತವನು ಅವನು. ಜಲ್ಲಿ ತರುತ್ತಿದ್ದ ಲಾರಿ ಒಂದು ಮಧ್ಯಾಹ್ನ ನಿಂತೇ ಹೋಯಿತು. ರಿಪೇರಿಗೆ ಬಂದ ಮುದುಕ ಸರ್ದಾರ್ಜಿ ಎಂಜಿನಿನ ಹೆಡ್ಡನ್ನು ಎತ್ತಲು ಇಬ್ಬರು ಬೇಕೆಂದು ಕೂಗಿದಾಗ ಅಂಬಾರಾಯ ಒಬ್ಬನೇ ಹೋಗಿ ಅದನ್ನು ತಪ್ಪಲೆಯಂತೆ ಎತ್ತಿ ಪಕ್ಕಕ್ಕಿಟ್ಟ. ಸರ್ದಾರ್ಜಿ ಅವನನ್ನು ಮೇಲಿಂದ ಕೆಳಕ್ಕೆ ನೋಡಿ, ನಾಳೆಯಿಂದ ಕಳಂಬೋಲಿಯ ನನ್ನ ಗ್ಯಾರೇಜಿಗೆ ಬಾ ಎಂದ. ಅಂದಿನಿಂದ ಮೂವತ್ತೆರಡು ವರ್ಷ ಅವನು ಜಲ್ಲಿ ಮುಟ್ಟಿಲ್ಲ, ಡೀಸೆಲ್ ಬಿಟ್ಟಿಲ್ಲ.

ಹೆಡ್ಡು ಎಂದರೆ ಎಂಜಿನಿನ ಮೇಲಿನ ಅರ್ಧ. ಕೆಳಗಿನ ಅರ್ಧ ಬ್ಲಾಕು. ಇವೆರಡರ ನಡುವೆ ಗ್ಯಾಸ್ಕೆಟ್ ಎಂಬ ತೆಳು ಹಾಳೆ ಕೂರುತ್ತದೆ. ಎಂಜಿನಿನೊಳಗೆ ಬೆಂಕಿ, ನೀರು, ಎಣ್ಣೆ ಮೂರೂ ಗೋಡೆಗೆ ಗೋಡೆ ತಾಗಿಸಿಕೊಂಡು ಸಂಸಾರ ಹೂಡಿರುತ್ತವೆ, ಡೊಂಬಿವಲಿಯ ಬಿಲ್ಡಿಂಗಿನ ಒಂದೇ ಮಹಡಿಯ ಮೂರು ಮನೆಗಳಂತೆ. ಒಬ್ಬರು ಇನ್ನೊಬ್ಬರ ಮನೆಗೆ ನುಗ್ಗದಂತೆ ನೋಡಿಕೊಳ್ಳುವ ಸೊಸೈಟಿ ಸೆಕ್ರೆಟರಿಯೇ ಗ್ಯಾಸ್ಕೆಟ್. ಸೆಕ್ರೆಟರಿ ಕೈಚೆಲ್ಲಿದರೆ ಬೆಂಕಿ ನೀರಿನ ಮನೆಗೆ ಹೋಗುತ್ತದೆ, ನೀರು ಕುದಿದು ಬಿಳಿ ಹೊಗೆಯಾಗಿ ಹೊರಬರುತ್ತದೆ, ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ. ಅಂಬಾರಾಯ ಒಮ್ಮೆ ಮುಚ್ಚಿದ ಹೆಡ್ಡು ಮತ್ತೆ ತೆರೆಯುವುದು ಎಂಜಿನು ಗುಜರಿಗೆ ಹೋಗುವ ದಿನ ಮಾತ್ರ ಎಂದು ಗಲ್ಲಿಯಲ್ಲಿ ಹೇಳುತ್ತಿದ್ದರು. ಈ ಮಾತನ್ನು ಮೊದಲು ಹೇಳಿದವನು ಅಂಬಾರಾಯನೇ, ಆದರೆ ಅದು ಹಳೆಯ ಸಂಗತಿ.

ಇಂಥವನ ಬಳಿಗೆ ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಜಯಶೀಲರ ಟೆಂಪೊ ಬಂತು. ಜಯಶೀಲರು ಉಡುಪಿ ಕಡೆಯವರು, ಡೊಂಬಿವಲಿಯಲ್ಲಿ ಮದುವೆ ಮುಂಜಿಗಳಿಗೆ ಅಡುಗೆ ಮಾಡಿ ಒದಗಿಸುವವರು. ಅವರ ಟೆಂಪೊ ಹೊಸಕಾಲದ್ದು, ಟರ್ಬೊ ಇದ್ದದ್ದು. ಟರ್ಬೊ ಎಂದರೆ ಹೊರಗೆ ಹೋಗುವ ಹೊಗೆಯನ್ನೇ ಹಿಡಿದು ದುಡಿಸಿ, ಬೆಳಿಗ್ಗೆ ಎಂಟರ ಲೋಕಲ್ಲಿಗೆ ಜನರನ್ನು ತುರುಕುವ ಹಾಗೆ ಎಂಜಿನಿನೊಳಗೆ ಗಾಳಿ ತುರುಕುವ ಯಂತ್ರ. ಶಕ್ತಿ ಹೆಚ್ಚು, ಒತ್ತಡವೂ ಹೆಚ್ಚು. ಮುಂಬ್ರಾ ಬೈಪಾಸಿನ ಏರಿನಲ್ಲಿ, ಮುನ್ನೂರು ಜನರ ಸಾಂಬಾರು ಹೊತ್ತಿದ್ದಾಗ, ಅದರ ನೀರಿನ ಪೈಪು ಒಡೆದು ಗ್ಯಾಸ್ಕೆಟ್ ಸುಟ್ಟಿತ್ತು.

ಅಂಬಾರಾಯ ಹೆಡ್ಡು ಬಿಚ್ಚಿ, ಅದರ ತಳವನ್ನು ಸಮ ಮಾಡಿಸಲು ಗಲ್ಲಿಯ ತುದಿಯ ವಿಠಲನಿಗೆ ಕೊಟ್ಟ. ವಿಜಯಪುರದ ವಿಠಲ ಲೋಹ ಕೊಯ್ಯುವ ಮಷೀನಿನವನು. ಕನ್ನಡಕದ ಕಡ್ಡಿಗೆ ನೂಲು ಸುತ್ತಿದ, ದಿನಕ್ಕೆ ಹತ್ತು ಮಾತಿಗಿಂತ ಹೆಚ್ಚು ಖರ್ಚು ಮಾಡದ ಮನುಷ್ಯ. ಇಪ್ಪತ್ತು ವರ್ಷದಿಂದ ಇಬ್ಬರೂ ಒಂದೇ ಟಪರಿಯಲ್ಲಿ ಚಹಾ ಕುಡಿಯುತ್ತಿದ್ದರು, ಮಾತು ಪೂರ್ತಿ ಅಂಬಾರಾಯನದು, ಕಿವಿ ಪೂರ್ತಿ ವಿಠಲನದು. ಹೆಡ್ಡು ಸಮವಾಗಿ ಬಂತು. ಹೊಸ ಗ್ಯಾಸ್ಕೆಟ್ ಬಂತು, ಪೂರ್ತಿ ಉಕ್ಕಿನ ಪದರದ್ದು, ಅಂಥದ್ದನ್ನು ಅಂಬಾರಾಯ ಎಂಜಿನಿಗೆ ಕೂರಿಸಿದ್ದು ಅದೇ ಮೊದಲು. ಹಳೆಯ ಎಂಜಿನುಗಳ ಗ್ಯಾಸ್ಕೆಟ್ ರಟ್ಟಿನಂತೆ ಮೆತ್ತಗಿರುತ್ತಿತ್ತು. ಇದು ಬ್ಲೇಡಿನಂತೆ ಮಿನುಗುತ್ತಿತ್ತು. ಮುಚ್ಚುವ ಮೊದಲು ಅವನು ಮೂವತ್ತೆರಡು ವರ್ಷದ ಪದ್ಧತಿಯಂತೆ ಪಾಕೀಟಿನಿಂದ ಊರ ಮೈಲಾರಲಿಂಗನ ಭಂಡಾರದ ಪುಡಿಕೆ ತೆಗೆದು, ಆ ದೇವರ ಅರಿಶಿನವನ್ನು ಎಣ್ಣೆಯಲ್ಲಿ ಒದ್ದೆ ಮಾಡಿ, ಬ್ಲಾಕಿನ ಮುಖಕ್ಕೆ ಹೆಬ್ಬೆರಳಿನಿಂದ ಒಂದು ಬೊಟ್ಟು ಇಟ್ಟ. ಕೈ ಮುಗಿದ. ಮುಚ್ಚಿದ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಅಳತೆ ತೋರಿಸುವ ಪಾನಾ ಹಿಡಿದು, ಪುಸ್ತಕದಲ್ಲಿರುವಂತೆಯೇ ಬಿಗಿದ.

ಹತ್ತೊಂಬತ್ತನೆಯ ದಿನ ಟೆಂಪೊ ಹಗ್ಗ ಕಟ್ಟಿಸಿಕೊಂಡು ವಾಪಸು ಬಂತು.

ಗಲ್ಲಿ ಬೆಕ್ಕಸ ಬೆರಗಾಯಿತು. ಎದುರು ಗ್ಯಾರೇಜಿನ ಸಾವಂತ ವೆಲ್ಡಿಂಗ್ ಮಾಡುವುದನ್ನು ನಿಲ್ಲಿಸಿ, ಕಪ್ಪು ಕನ್ನಡಕವನ್ನು ಹಣೆಗೇರಿಸಿ ನೋಡಿದ. ಅಂಬಾರಾಯ ನಕ್ಕ, ಆದರೆ ಮೀಸೆಯ ಒಂದೇ ಕಡೆ. ಗ್ಯಾಸ್ಕೆಟ್ ಡೂಪ್ಲಿಕೇಟು ಎಂದು ಅಂಗಡಿಯವನನ್ನು ಬೈದ. ಅಂಗಡಿಯವನು ಕಂಪನಿಯ ಮೊಹರು ತೋರಿಸಿದ. ಡ್ರೈವರ್ ಮೂರನೇ ಗೇರಿನಲ್ಲಿ ಏರು ಹತ್ತಿಸಿದ್ದಾನೆ ಎಂದ. ಡ್ರೈವರ್ ಎರಡನೆಯದರಲ್ಲಿ ಹತ್ತಿಸಿದ್ದಾಗಿ ಮಕ್ಕಳ ಮೇಲೆ ಆಣೆ ಇಟ್ಟ. ಸರಿ, ಹೆಡ್ಡು ಮತ್ತೆ ಬಿಚ್ಚಿತು, ವಿಠಲ ಮತ್ತೆ ಸಮ ಮಾಡಿದ, ಹಳೆಯದು ಗೋಡೆಯ ಮೊಳೆಗೆ ಹೋಗಿ ಹೊಸ ಗ್ಯಾಸ್ಕೆಟ್ ಬಂತು. ಈ ಸಲ ಅಂಬಾರಾಯ ಯಾವುದರಲ್ಲೂ ಜಿಪುಣತನ ಮಾಡಲಿಲ್ಲ. ದೇವರಿಗೆ ಹೋದ ಸಲ ಕಡಿಮೆ ಬಿದ್ದಿರಬಹುದೆಂಬ ಶಂಕೆಯಿಂದ ಭಂಡಾರವನ್ನು ಎರಡು ಪಟ್ಟು ತೆಗೆದುಕೊಂಡು, ಗಟ್ಟಿಯಾಗಿ ಕಲಸಿ, ಭದ್ರವಾಗಿ ಒತ್ತಿದ.

ಒಂಬತ್ತನೆಯ ದಿನ ಟೆಂಪೊ ಶೀಳಫಾಟಾದಲ್ಲಿ ನಿಂತಿತು, ಬಿಳಿ ಹೊಗೆಯಲ್ಲಿ ತಾನೇ ಕಾಣದಂತೆ. ಕಲ್ಯಾಣದ ಮದುವೆಗೆ ಊಟ ತಲುಪಿದ್ದು ಮೂರೂವರೆಗೆ.

ಜಯಶೀಲರು ಗ್ಯಾರೇಜಿಗೆ ಬಂದು ಬೈಯಲಿಲ್ಲ, ಕುಳಿತರು. ಬೈದಿದ್ದರೆ ಎಷ್ಟೋ ಹಿತವಾಗುತ್ತಿತ್ತು.

“ಕನ್ಯಾದಾನ ಮುಗಿಸಿ, ಬೆಳಿಗ್ಗಿನಿಂದ ಉಪವಾಸ ಇದ್ದ ಹುಡುಗಿಯ ಅಪ್ಪ ವಡಾಪಾವ್ ತಿಂದ್ರು ಮಾರಾಯ್ರೆ. ನಾನು ಕಣ್ಣಾರೆ ನೋಡಿದೆ. ಇಪ್ಪತ್ತೇಳು ವರ್ಷದಲ್ಲಿ ನನ್ನ ಎಲೆಗೆ ಇಂಥ ಗತಿ ಬಂದದ್ದಿಲ್ಲ,” ಎಂದರು. ಆಮೇಲೆ ಮೆಲ್ಲಗೆ, “ನಿಮಗೆ ಆಗುದಿಲ್ಲ ಅಂತಾದ್ರೆ ಹೇಳಿ. ಬೇಜಾರಿಲ್ಲ.”

ಆಗುವುದಿಲ್ಲ ಅಂತಾದರೆ! ಈ ಮಾತು ಅಂಬಾರಾಯನ ಎದೆಗೆ ಹತ್ತು ಟನ್ನಿನ ಜ್ಯಾಕಿನಂತೆ ತಾಗಿತು. ಅವನ ಬಳಿ ಇದ್ದದ್ದು ಹೆಸರೊಂದೇ. ಬೋರ್ಡು ಕೂಡ ಇಲ್ಲದ ಗ್ಯಾರೇಜಿಗೆ ಹೆಸರು ಹೋದರೆ ಉಳಿಯುವುದು ತಗಡಿನ ಮಾಡು. ಸಂಜೆ ಟಪರಿಯಲ್ಲಿ ಇಡೀ ಗಲ್ಲಿ ಗ್ಲಾಸು ಹಿಡಿದು ನಿಂತಿತ್ತು, ಎಲ್ಲರೂ ಅವನನ್ನು ನೋಡದಿರುವ ನಟನೆ ಮಾಡುತ್ತಿದ್ದರು. ಅಂಬಾರಾಯ ಆ ನಟನೆ ತಡೆಯಲಾರದೆ ಬಾಯಿ ತೆರೆದ.

“ವಿಠಲನ ಮಷೀನಿಗಿ ವಯಸ್ಸಾಗ್ಯಾದ. ಸೊಟ್ಟ ಕೊಯ್ಲತ್ತದ. ಸೊಟ್ಟ ಹೆಡ್ಡಿನ ಮ್ಯಾಲ ನಾ ಏನ್ ಮಾಡ್ಲಿ?”

ವಿಠಲ ಅಲ್ಲೇ, ಮೂರಡಿ ದೂರದಲ್ಲಿದ್ದ. ಕನ್ನಡಕ ಸರಿ ಮಾಡಿಕೊಂಡ. ಗ್ಲಾಸನ್ನು ಕಟ್ಟೆಯ ಮೇಲಿಟ್ಟು ಸ್ಟೇಷನ್ನಿನ ಕಡೆ ನಡೆದ. ಗ್ಲಾಸಿನಲ್ಲಿ ಅರ್ಧ ಚಹಾ ಹಾಗೆಯೇ ಇತ್ತು. ಇಪ್ಪತ್ತು ವರ್ಷದಲ್ಲಿ ವಿಠಲ ಚಹಾ ಬಿಟ್ಟು ಹೋದದ್ದನ್ನು ನೋಡಿದವರಿಲ್ಲ. ಟಪರಿಯವನು ಆ ಗ್ಲಾಸನ್ನು ಬಹಳ ಹೊತ್ತು ಎತ್ತಲೇ ಇಲ್ಲ.

ಮುಂದಿನ ವಾರ ಮೂರು ಗ್ಯಾರೇಜುಗಳು ತಮ್ಮ ಹೆಡ್ಡುಗಳನ್ನು ತುರ್ಭೆಯ ದೊಡ್ಡ ವರ್ಕ್‌ಶಾಪಿಗೆ ಕಳಿಸಿದವು. ವಿಠಲನ ಮಷೀನಿನ ಸದ್ದು ಗಲ್ಲಿಯಲ್ಲಿ ನಿಂತಿತು. ಬೆಳಗಿನಿಂದ ಸಂಜೆಯವರೆಗೆ ಕಿರ್ರೆನ್ನುತ್ತಿದ್ದ ಆ ಸದ್ದಿಗೆ ಎಲ್ಲರೂ ಶಾಪ ಹಾಕಿದ್ದವರೇ, ಈಗ ಅದಿಲ್ಲದೆ ಒಬ್ಬೊಬ್ಬರೂ ತಮ್ಮ ಕಿವಿ ಕೆಟ್ಟಿತೆಂದು ಬೆರಳು ಹಾಕಿ ತಿರುಗಿಸಿಕೊಳ್ಳುತ್ತಿದ್ದರು.

ಅಂಬಾರಾಯನೂ ಮೂರನೆಯ ಬಾರಿ ಬಿಚ್ಚಿದ ಹೆಡ್ಡನ್ನು ರಿಕ್ಷಾದಲ್ಲಿ ಹಾಕಿಕೊಂಡು ತುರ್ಭೆಗೆ ಹೋದ. ಅಲ್ಲಿ ಗಾಜಿನ ಕೋಣೆ, ಕಂಪ್ಯೂಟರು, ಬೆಂಗಳೂರಿನಿಂದ ಬಂದ ಅಪರ್ಣಾ ಎಂಬ ಇಂಜಿನಿಯರು. ವಿಠಲನ ಸೊಟ್ಟತನದ ಲಿಖಿತ ಪುರಾವೆ ಸಿಗುತ್ತದೆಂದು ಅವನು ತೋಳು ಕಟ್ಟಿ ನಿಂತ. ಅಪರ್ಣಾ ಒಮ್ಮೆ ಅಳೆದಳು, ನಂಬದೆ ಮತ್ತೊಮ್ಮೆ ಅಳೆದಳು.

“ಇದರಲ್ಲಿ ತೆಗೆಯೋಕೆ ಏನೂ ಇಲ್ಲ ಅಂಕಲ್. ನಮ್ಮ ಮಷೀನ್ ಕೂಡ ಇಷ್ಟು ನೇರ ಕೊಯ್ಯಲ್ಲ. ಯಾರು ಮಾಡಿದ್ದು? ಅವರ ನಂಬರ್ ಕೊಡಿ, ನಮಗೆ ಇಂಥವರು ಬೇಕು.”

ಅಂಬಾರಾಯ ಕಟ್ಟಿದ ತೋಳು ಬಿಚ್ಚಿದ. ಅಂಕಲ್ ಅನ್ನಿಸಿಕೊಂಡದ್ದಕ್ಕೂ ಅವನಿಗೆ ಆಘಾತವಾಗಬೇಕಿತ್ತು, ಸರದಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಮಾಡಿದವನ ಹೆಸರು ನೆನಪಿಲ್ಲ ಎಂದ. ಇಪ್ಪತ್ತು ವರ್ಷ ಜೊತೆಗೆ ಚಹಾ ಕುಡಿದವನ ಹೆಸರು!

ಮರುದಿನ ಭಾನುವಾರ. ಗಲ್ಲಿಯ ಶಟರುಗಳೆಲ್ಲ ಇಳಿದಿದ್ದವು. ನಡುಮಧ್ಯಾಹ್ನ ಅಂಬಾರಾಯ ಒಬ್ಬನೇ ಟೆಂಪೊದ ತೆರೆದ ಎಂಜಿನಿನೆದುರು ಕುಕ್ಕರುಗಾಲಿನಲ್ಲಿ ಕೂತ. ಹೆಡ್ಡು ನೇರ. ಬ್ಲಾಕಿನ ಮುಖಕ್ಕೆ ಉಕ್ಕಿನ ಪಟ್ಟಿ ಇಟ್ಟು ನೋಡಿದ, ಅದೂ ನೇರ. ಬೋಲ್ಟು ಹೊಸವು. ಗ್ಯಾಸ್ಕೆಟ್ ಅಸಲಿ. ಅನುಮಾನಿಸಲು ಲೋಕದಲ್ಲಿ ಇನ್ನು ಯಾರೂ ಉಳಿದಿರಲಿಲ್ಲ. ಮೊಳೆಗೆ ನೇತುಹಾಕಿದ್ದ ಎರಡೂ ಸತ್ತ ಗ್ಯಾಸ್ಕೆಟ್‌ಗಳನ್ನು ತೆಗೆದು, ಶಟರಿನ ಸಂದಿಯಿಂದ ಬೀಳುವ ಬಿಸಿಲಿಗೆ ಹಿಡಿದು ತಿರುಗಿಸಿದ.

ಎರಡನೆಯ ಸಿಲಿಂಡರಿನ ತೂತಿಗೂ ನೀರಿನ ತೂತಿಗೂ ನಡುವೆ, ಒಂದು ಬೆರಳಿನಗಲದ ಜಾಗದಲ್ಲಿ, ಕಂದು ಬಣ್ಣದ ಕಲೆಯಿತ್ತು. ಬೆಂಕಿ ನೀರಿನ ಮನೆಗೆ ನುಗ್ಗಿದ ಬಾಗಿಲು ಅದೇ. ಎರಡರಲ್ಲೂ ಅದೇ ಜಾಗ. ಮೊದಲನೆಯದರಲ್ಲಿ ಕಲೆ ತೆಳು, ಎರಡನೆಯದರಲ್ಲಿ ದಪ್ಪ. ಅವನು ಕಣ್ಣು ಹತ್ತಿರ ತಂದ. ಕಲೆಯಲ್ಲಿ ಗೆರೆಗಳಿದ್ದವು. ಸುತ್ತು ಸುತ್ತಾದ ಸಣ್ಣ ಗೆರೆಗಳು, ಅವುಗಳ ನಡುವೆ ಓರೆಯಾಗಿ ಒಂದು ಕಡಿದ ಗೀಟು. ಅಂಬಾರಾಯ ತನ್ನ ಬಲಗೈ ಹೆಬ್ಬೆರಳನ್ನು ಬಿಸಿಲಿಗೆ ಹಿಡಿದ. ಇಪ್ಪತ್ತೈದು ವರ್ಷದ ಹಿಂದೆ ಫ್ಯಾನಿನ ರೆಕ್ಕೆ ಕೊಯ್ದ ಗಾಯದ ಗೀಟು, ಓರೆಯಾಗಿ, ಅಲ್ಲಿಯೇ ಇತ್ತು.

ಎಣ್ಣೆಯಲ್ಲಿ ಕಲಸಿದ ಅರಿಶಿನ, ಸುಟ್ಟು ಇದ್ದಿಲಾಗಿ, ಕೂದಲೆಳೆಗಿಂತ ತೆಳುವಾದ ಒಂದು ದಾರಿ ಕೊರೆದಿತ್ತು. ಹಳೆಯ ಮೆತ್ತನೆಯ ಗ್ಯಾಸ್ಕೆಟ್‌ಗಳು ಮೂವತ್ತೆರಡು ವರ್ಷ ಆ ಬೊಟ್ಟನ್ನು ಸದ್ದಿಲ್ಲದೆ ನುಂಗಿಕೊಂಡಿದ್ದವು. ಉಕ್ಕಿನದು ನುಂಗಲಿಲ್ಲ. ಟರ್ಬೊದ ಒತ್ತಡಕ್ಕೆ ಆ ಎಳೆಯಷ್ಟು ಸಂದಿ ಹೆದ್ದಾರಿಯಾಗಿತ್ತು. ಕಡಿಮೆ ಭಕ್ತಿಗೆ ಹತ್ತೊಂಬತ್ತು ದಿನ ನಡೆದ ಗಾಡಿ ಎರಡು ಪಟ್ಟು ಭಕ್ತಿಗೆ ಒಂಬತ್ತೇ ದಿನ ನಡೆದಿತ್ತು. ಕಳ್ಳನನ್ನು ಹುಡುಕುತ್ತ ಊರೆಲ್ಲ ಸುತ್ತಿದ ಪೊಲೀಸನ ಕಿಸೆಯಲ್ಲೇ ಮಾಲು ಸಿಕ್ಕಿತ್ತು, ಅದೂ ಅವನ ಬೆರಳಚ್ಚಿನ ಸಮೇತ.

ಗಲ್ಲಿಯಲ್ಲಿ ನಾಯಿಯೂ ಇರಲಿಲ್ಲ. ಅಂಬಾರಾಯ ಎದ್ದು, ಆಚೀಚೆ ನೋಡಿ, ತಂತಿ ಬ್ರಷ್ ತೆಗೆದುಕೊಂಡ. ಮೊದಲನೆಯ ಗ್ಯಾಸ್ಕೆಟ್ಟನ್ನು ಎರಡು ನಿಮಿಷದಲ್ಲಿ ಉಜ್ಜಿ ಸ್ವಚ್ಛ ಮಾಡಿದ. ಇದನ್ನು ಮುಚ್ಚಿಟ್ಟು ಕಥೆ ಹೇಳುವುದು ಸುಲಭ, ಆದರೆ ಅವನು ಉಜ್ಜಿದ್ದು ನಿಜ. ಎರಡನೆಯದನ್ನು ಮೊಣಕಾಲಿನ ಮೇಲಿಟ್ಟು ಬ್ರಷ್ ಎತ್ತಿದ. ಇದನ್ನೂ ಉಜ್ಜಿದರೆ ಮುಗಿಯಿತು, ಲೋಕದಲ್ಲಿ ಪುರಾವೆ ಉಳಿಯುವುದಿಲ್ಲ, ಮೂರನೆಯ ಸಲ ಬೊಟ್ಟಿಲ್ಲದೆ ಮುಚ್ಚಿದರೆ ಗಾಡಿ ಓಡುತ್ತದೆ, ಹೆಸರು ಉಳಿಯುತ್ತದೆ. ತುರ್ಭೆಯಲ್ಲಿ ಸಮ ಮಾಡಿಸಿದ್ದಕ್ಕೇ ಸರಿಯಾಯಿತೆಂದು ಗಲ್ಲಿ ನಂಬುತ್ತದೆ. ಆ ಕೊನೆಯ ವಾಕ್ಯಕ್ಕೆ ಬಂದಾಗ ಕೈ ನಿಂತಿತು. ಹಾಗೆ ನಂಬಿದರೆ ವಿಠಲನ ಮಷೀನು ಇನ್ನೆಂದೂ ಸದ್ದು ಮಾಡುವುದಿಲ್ಲ. ಅವನು ಹೆದರಿ ಬ್ರಷ್ಷನ್ನು ದೂರ ಎಸೆದ, ತನ್ನ ಕೈಯ ಮೇಲೆಯೇ ನಂಬಿಕೆ ಹೋದವನಂತೆ.

ಗ್ಯಾಸ್ಕೆಟ್ಟನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ರೈಲು ಹತ್ತಿದ. ಥಾಣೆಯಲ್ಲಿ ಬದಲಿಸಿ ದಿವಾಕ್ಕೆ. ನಾಲ್ಕು ದೊಡ್ಡ ತೂತಿನ ಹೊಳೆಯುವ ತಗಡು ಚೀಲದಿಂದ ಅರ್ಧ ಹೊರಗೆ ಚಾಚಿತ್ತು. ಪಕ್ಕದ ಹೆಂಗಸೊಬ್ಬಳು ಅದನ್ನು ಇಡ್ಲಿ ಸ್ಟ್ಯಾಂಡೆಂದೇ ತಿಳಿದು ಎಷ್ಟಕ್ಕೆ ಸಿಕ್ಕಿತು ಎಂದು ಹಿಂದಿಯಲ್ಲಿ ವಿಚಾರಿಸಿದಳು. ಬಹಳ ದುಬಾರಿ ಬಿತ್ತಮ್ಮಾ ಎಂದ ಅಂಬಾರಾಯ.

ದಿವಾದ ನಾಲ್ಕು ಮಹಡಿಯ, ಲಿಫ್ಟಿಲ್ಲದ ಬಿಲ್ಡಿಂಗಿನ ಮೇಲಿನ ಕೋಣೆಯಲ್ಲಿ ವಿಠಲನ ಮನೆ. ಬಾಗಿಲು ತೆರೆದ ಹೆಂಡತಿ ಪದ್ಮಾವತಿ ಅವನನ್ನು ನೋಡಿ ಪಕ್ಕಕ್ಕೆ ಸರಿದಳು. ಆಮೇಲೆ ನೀರು ತಂದಿಟ್ಟಳು, ಮುಖ ತರಲಿಲ್ಲ. ಅಂಬಾರಾಯ ಗ್ಯಾಸ್ಕೆಟ್ಟನ್ನು ವಿಠಲನ ಕೈಗೆ ಕೊಟ್ಟು ಕಲೆಯನ್ನು ತೋರಿಸಿದ. ವಿಠಲ ಅದನ್ನು ಕಿಟಕಿಗೆ ಒಯ್ದು, ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದ.

“ಯಾರ ಬೆರಳ ಇದು?”

“ನಂದು. ಭಂಡಾರ ಹಚ್ಚೀನಿ.”

“ಎರಡೂ ಸಲ?”

“ಎರಡೂ ಸಲ. ಎರಡನೇ ಸಲ ಇನ್ನಾ ಜಾಸ್ತಿ ಹಚ್ಚೀನಿ.”

ಅಡುಗೆಯ ಕಟ್ಟೆಯ ಕಡೆಯಿಂದ ಏನೋ ಸದ್ದಾಯಿತು. ಪದ್ಮಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ವಿಠಲ ನಗಲಿಲ್ಲ. ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮಷೀನಿನ ಮೇಲೆ ಹೊಸ ಹೆಡ್ಡು ಇಟ್ಟಾಗ ಎಲ್ಲಿ ಎಷ್ಟು ತೆಗೆಯಬೇಕೆಂದು ಲೆಕ್ಕ ಹಾಕುವ ನೋಟವಿತ್ತು. ಅಂಬಾರಾಯ ತುರ್ಭೆಯ ಸುದ್ದಿಯನ್ನೂ ಹೇಳಿದ, ನಂಬರ್ ಕೇಳಿದ್ದನ್ನೂ, ಹೆಸರು ನೆನಪಿಲ್ಲ ಎಂದದ್ದನ್ನೂ. ತಪ್ಪಾಯಿತು ಎಂಬ ಮಾತು ಗಂಟಲಿನಲ್ಲಿ ಸವೆದ ಥ್ರೆಡ್ಡಿನ ಬೋಲ್ಟಿನಂತೆ ಸುತ್ತಿ ಸುತ್ತಿ, ಕೊನೆಗೆ ಹೇಗೋ ಹೊರಬಂತು.

ವಿಠಲ ಗ್ಯಾಸ್ಕೆಟ್ಟನ್ನು ಚೀಲಕ್ಕೆ ಹಾಕಿ ಅವನ ಕೈಗೇ ಕೊಟ್ಟ.

“ದಿವಾದಾಗ ಹೇಳಿದ್ರ ಏನ್ ಬಂತೋ? ಎಲ್ಲಿ ಅಂದಿದ್ದಿ, ಅಲ್ಲಿ ಹೇಳು.”

ಘನಸೋಲಿಯ ಮನೆಗೆ ಬಂದು ಅಂಬಾರಾಯ ಹೆಂಡತಿ ಮರಗಮ್ಮನಿಗೆ ವಿಷಯ ತಿಳಿಸಿದ. ಊರಿಗೆ ಹೋದಾಗಲೆಲ್ಲ ಭಂಡಾರ ತಂದು ಪುಡಿಕೆ ಕಟ್ಟಿ ಗಂಡನ ಕಿಸೆಗೆ ಇಡುತ್ತಿದ್ದವಳು ಅವಳು. ಅದು ಎಲ್ಲಿಗೆ ಹೋಗುತ್ತಿದೆಯೆಂದು ಅವಳಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು.

“ನಿನ್ನ ಹಣಿಗಿ ಹಚ್ಕೋ ಅಂತ ಕೊಟ್ಟಿದ್ದು. ಡೀಸಲ್‌ದಾಗ ಸುಡ್ಲಿಕ್ಕಿ ಕೊಟ್ಟಿದ್ದೇನು?” ಎಂದಳು. ಆಮೇಲೆ ದೇವರ ಪಟದ ಕಡೆ ತಿರುಗಿ, ಗಂಡನ ಪರವಾಗಿ ಬಹಳ ಹೊತ್ತು ಏನೇನೋ ವಿವರಣೆ ಕೊಟ್ಟಳು. ಮೂವತ್ತೆರಡು ವರ್ಷದ ಎಂಜಿನುಗಳ ಬಾಬತ್ತು, ಬೇಗ ಮುಗಿಯುವಂಥದ್ದಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಚಹಾಕ್ಕೆ ಗಲ್ಲಿ ಸೇರಿತು. ವಿಠಲ ಸ್ವಲ್ಪ ದೂರದಲ್ಲಿ, ಕೈಯಲ್ಲಿ ಗ್ಲಾಸಿಲ್ಲದೆ ನಿಂತಿದ್ದ. ಅಂಬಾರಾಯ ಮೀಸೆ ಮುಟ್ಟಲು ಹೋಗಿ ಕೈ ಇಳಿಸಿದ. ಗ್ಯಾಸ್ಕೆಟ್ಟನ್ನು ತಲೆಯ ಮೇಲೆ, ಎಲ್ಲರಿಗೂ ಕಾಣುವಂತೆ ಹಿಡಿದ. ವಿಠಲನ ಕೆಲಸ ಕನ್ನಡಿಯಂತಿತ್ತು, ಸೊಟ್ಟಾದದ್ದು ತನ್ನ ಬಾಯಿ ಎಂದು ಗಲ್ಲಿಯ ಹಿಂದಿಯಲ್ಲಿ ಹೇಳಿದ. ಬೊಟ್ಟಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ, ಎರಡು ಪಟ್ಟು ಹಚ್ಚಿದ್ದನ್ನೂ ಬ್ರಷ್ಷಿನಿಂದ ಒಂದನ್ನು ಉಜ್ಜಿದ್ದನ್ನೂ ಬಿಡದೆ ಹೇಳಿದ. ಹೇಳಿ ಮುಗಿಸಿ, ನಗೆಗಾಗಿ ಕಾದ. ತನ್ನ ಹೆಸರಿನ ಅಂತ್ಯಕ್ರಿಯೆಗೆ ತಾನೇ ಬಂದು ನಿಂತಂತಿತ್ತು.

ಯಾರೂ ನಗಲಿಲ್ಲ. ಸಾವಂತನ ಮುಖ ಬಿಳಿಚಿಕೊಂಡಿತ್ತು. ಅವನು ಪ್ರತಿ ಹೆಡ್ಡು ಮುಚ್ಚುವ ಮೊದಲು ಬ್ಲಾಕಿನ ಮುಖದ ಮೇಲೆ ನಿಂಬೆಹಣ್ಣು ಹಿಂಡುತ್ತಿದ್ದ. ಕೊನೆಯ ಗ್ಯಾರೇಜಿನ ಚಾಚಾ ಗಡ್ಡ ನೀವುತ್ತ, ಸೀಮೆಸುಣ್ಣದಲ್ಲಿ ತಾನು ಒಳಗೆ ಬರೆಯುತ್ತಿದ್ದ ಏಳುನೂರ ಎಂಬತ್ತಾರೆಂಬ ಪವಿತ್ರ ಸಂಖ್ಯೆಯನ್ನು ನೆನೆಯುತ್ತಿದ್ದ. ಕೇರಳದವನೊಬ್ಬ ಮೇಣದ ಹನಿಯ ಬಗ್ಗೆ ಪಿಸುಗುಟ್ಟಿದ. ಒಬ್ಬೊಬ್ಬರಾಗಿ ತಪ್ಪೊಪ್ಪಿಗೆಗಳು ಹೊರಬಿದ್ದವು. ಥಾಣೆಯಿಂದ ಸಾನಪಾಡಾದವರೆಗೆ ಓಡುತ್ತಿರುವ ಎಷ್ಟು ಗಾಡಿಗಳ ಹೊಟ್ಟೆಯಲ್ಲಿ ಎಷ್ಟು ದೇವರುಗಳು ಸಿಕ್ಕಿಕೊಂಡಿದ್ದಾರೆಂದು ಲೆಕ್ಕ ಹಾಕಿ ಹನ್ನೊಂದು ಮೇಸ್ತ್ರಿಗಳು ದಂಗಾಗಿ ನಿಂತರು. ಆ ದಿನ ಗಲ್ಲಿಯಲ್ಲಿ ಹನ್ನೆರಡರವರೆಗೆ ಕೆಲಸ ಶುರುವಾಗಲಿಲ್ಲ.

ಜಯಶೀಲರ ಟೆಂಪೊದ ಹೆಡ್ಡು ಅದೇ ಮಧ್ಯಾಹ್ನ ಇಡೀ ಗಲ್ಲಿಯ ಸಮಕ್ಷಮ ಮುಚ್ಚಿತು. ಅಂಬಾರಾಯ ಸಾಬೂನಿನಲ್ಲಿ ಮೂರು ಸಲ ಕೈ ತೊಳೆದು, ಎರಡೂ ಮುಖಗಳನ್ನು ಬಿಳಿ ಬಟ್ಟೆಯಲ್ಲಿ ಒರೆಸಿದ, ಬಟ್ಟೆ ಬಿಳಿಯಾಗಿಯೇ ವಾಪಸು ಬರುವವರೆಗೆ. ಮರುದಿನ ಸಾಂಬಾರಿನ ಡಬರಿಗಳಲ್ಲಿ ಐನೂರು ಜನರ ಊಟದ ತೂಕಕ್ಕೆ ನೀರು ತುಂಬಿ ಮುಂಬ್ರಾ ಬೈಪಾಸಿನ ಏರು ಹತ್ತಿಸಿದರು. ಜಯಶೀಲರು ಡ್ರೈವರ್ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು, ಅಂಬಾರಾಯ ಅವರಾಚೆ ಕೂತು ಶಾಖದ ಮುಳ್ಳಿನ ಮೇಲೆ ನೆಟ್ಟ ಕಣ್ಣು ಮಿಟುಕಿಸಲಿಲ್ಲ. ಮುಳ್ಳು ನಡುವಿನಿಂದ ಕದಲಲಿಲ್ಲ. ಈಗ ನಾಲ್ಕು ತಿಂಗಳಾಯಿತು, ಕದಲಿಲ್ಲ.

ಹೆಸರು? ಅದಕ್ಕೆ ವಿಚಿತ್ರವಾದ ಗತಿಯೇ ಬಂತು. ಹೋಗಲಿಲ್ಲ, ಮೊದಲಿನಂತೆ ಉಳಿಯಲೂ ಇಲ್ಲ. ಗಲ್ಲಿಯಲ್ಲಿ ಯಾರು ಹೆಡ್ಡು ಮುಚ್ಚುವುದಿದ್ದರೂ ಮೊದಲು ಅಂಬಾರಾಯನನ್ನು ಕರೆಯುತ್ತಾರೆ, ಅವನು ಬಿಳಿ ಬಟ್ಟೆ ಹಿಡಿದು ಹೋಗಿ ಒರೆಸಿ ನೋಡಿ ತಲೆಯಾಡಿಸಿದ ಮೇಲೆಯೇ ಬೋಲ್ಟು ಬೀಳುವುದು. ಇಂಥ ತಪ್ಪನ್ನು ಇವನಷ್ಟು ಚೆನ್ನಾಗಿ ಮಾಡಿದವರು ಬೇರೆ ಯಾರೂ ಇಲ್ಲವಲ್ಲ ಎನ್ನುತ್ತಾನೆ ಸಾವಂತ, ಈಗ ಕೇಳಿಸುವಷ್ಟು ಗಟ್ಟಿಯಾಗಿ.

ವಿಠಲನಿಗೆ ತುರ್ಭೆಯ ವಿಳಾಸ ಕೊಟ್ಟದ್ದೂ ಅಂಬಾರಾಯನೇ. ವಿಠಲ ಒಂದು ದಿನ ಹೋಗಿ, ಗಾಜಿನ ಕೋಣೆ ನೋಡಿ, ಅಲ್ಲಿ ತನ್ನ ಮಷೀನಿಗೆ ಜಾಗವಿಲ್ಲವೆಂದು ವಾಪಸು ಬಂದ. ಕಿರ್ರೆನ್ನುವ ಸದ್ದು ಮತ್ತೆ ಶುರುವಾಯಿತು, ಶಾಪಗಳೂ. ಆದರೆ ಅವನು ಅಂಬಾರಾಯನೊಡನೆ ಮಾತಾಡಲಿಲ್ಲ. ಮೊದಲೇ ಹತ್ತು ಮಾತಿನವನು, ಅವುಗಳಲ್ಲಿ ಒಂದನ್ನೂ ಇವನ ಮೇಲೆ ಖರ್ಚು ಮಾಡದೆ ಮೂರು ವಾರ ಕಳೆದ. ಅಂಬಾರಾಯ ಟಪರಿಯಲ್ಲಿ ದಿನವೂ ಒಬ್ಬನೇ ಮಾತಾಡಿ, ಒಬ್ಬನೇ ಕೇಳಿಸಿಕೊಂಡು ಬರುತ್ತಿದ್ದ.

ನಾಲ್ಕನೆಯ ವಾರ ಒಂದು ನೀರಿನ ಟ್ಯಾಂಕರಿನ ಹೆಡ್ಡನ್ನು ಅವನು ಸಮ ಮಾಡಿಸಲು ಕಳಿಸಿದ್ದ. ಸಂಜೆ ಅದು ತಳ್ಳುಗಾಡಿಯಲ್ಲಿ ವಾಪಸು ಬಂತು, ಗೋಣಿತಾಟು ಹೊದ್ದುಕೊಂಡು. ತಾಟು ಸರಿಸಿದಾಗ ಹೆಡ್ಡಿನ ಪಕ್ಕೆಯ ಮೇಲೆ, ಯಾವ ಗ್ಯಾಸ್ಕೆಟ್ಟಿಗೂ ತಾಗದಂಥ ಜಾಗದಲ್ಲಿ, ವಿಠಲನ ಗುಂಡು ಅಕ್ಷರದಲ್ಲಿ ಸೀಮೆಸುಣ್ಣದಿಂದ ಬರೆದಿತ್ತು: ಸರಿ ಐತಿ. ಮುಟ್ಟಬ್ಯಾಡ.

ಅಂಬಾರಾಯ ಅದನ್ನು ಎರಡು ಸಲ ಓದಿದ. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ವಿಠಲನ ಚಹಾ ಆರುವುದರೊಳಗೆ ತಲುಪಬೇಕೆಂದು, ಟಪರಿಯ ಕಡೆ ಬೇಗ ಬೇಗ ನಡೆದ.